ನಂದಿ ಬೆಟ್ಟದ ಸುತ್ತಮುತ್ತ ಚಿಕ್ಕ ವೈನರಿಗಳು: ಬಾಟಲ್ ಮೇಲೆ ಇರೋದು ಅಲ್ಲಿಗೆ ಹೋದ್ರೆ ಸಿಗುತ್ತಾ?

ಚಿಕ್‌ಬಳ್ಳಾಪುರದವಳು
ಎಲ್ರಿಗೂ ನಮಸ್ಕಾರ. ಫೆಬ್ರವರಿಲಿ ಮೈಸೂರಿಂದ ಅಕ್ಕ ಭಾವ ಬರ್ತಿದಾರೆ, ಇಬ್ರಿಗೂ ವೈನ್ ಅಂದ್ರೆ ಇಷ್ಟ, ದೊಡ್ಡಬಳ್ಳಾಪುರದ ಹತ್ರ ಇರೋ ದೊಡ್ಡ ವೈನರಿ ಗ್ರೋವರ್ ಆಗ್ಲೇ ನೋಡಿದಾರೆ, ಅದಕ್ಕೆ ಈ ಸಲ ಹೆಸರು ಅಷ್ಟಾಗಿ ಕೇಳಿರದ ಚಿಕ್ಕ ವೈನರಿಗೆ ಕರ್ಕೊಂಡು ಹೋಗೋಣ ಅಂತಿದೀನಿ. ಆದ್ರೆ ಧೈರ್ಯ ಬರ್ತಿಲ್ಲ. ಹೋದ ವರ್ಷ ಒಂದ್ ಕಡೆ ಹೋಗಿದ್ವಿ, ಹೆಸರು ಬೇಡ ಬಿಡಿ. ಲೇಬಲ್ ಮೇಲೆ ಬೆಟ್ಟ, ಮಂಜು, ಸಾಲು ಸಾಲು ಬಳ್ಳಿ, ಇನ್‌ಸ್ಟಾಗ್ರಾಂ ತುಂಬಾ 'ಮೌಂಟನ್ ಎಸ್ಟೇಟ್' ಅಂತ ಬರ್ಕೊಂಡಿದ್ರು. ಹೋಗಿ ನೋಡಿದ್ರೆ ರೋಡ್ ಪಕ್ಕ ಶೀಟ್ ಹಾಕಿರೋ ಗೋಡೌನು, ಸುತ್ತ ಒಂದು ಬಳ್ಳಿನೂ ಇಲ್ಲ, ವೈನ್ ಹಾಕಿ ಕೊಡ್ತಿದ್ದ ಹುಡುಗನ್ನ ಇದು ಯಾವ ದ್ರಾಕ್ಷಿದಪ್ಪಾ ಅಂತ ಕೇಳಿದ್ರೆ ಅವನಿಗೆ ಗೊತ್ತಿಲ್ಲ, ಪಾಪ ಅವನಿಗೆ ಯಾರೂ ಹೇಳ್ಕೊಟ್ಟೇ ಇಲ್ಲ. ವೈನ್ ಚೆನ್ನಾಗೇ ಇತ್ತು, ನನಗೆ ಬೇಜಾರಾಗಿದ್ದು ಅದಕ್ಕೇ. ಹೋಗೋಕೆ ಮುಂಚೆನೇ ಇದನ್ನ ಪತ್ತೆ ಹಚ್ಚೋದು ಹೇಗೆ?

ಸೈಕಲ್_ಸವಾರ
ಮೊದಲು ಒಂದು ವಿಷಯ ಮೇಡಂ, ಬೆಟ್ಟದ ಮೇಲೆ ಯಾರ ವೈನರಿನೂ ಇಲ್ಲ. ನಂದಿ ಬೆಟ್ಟ 1478 ಮೀಟರ್ ಎತ್ತರ, ದ್ರಾಕ್ಷಿ ತೋಟ ಎಲ್ಲಾ ಕೆಳಗಡೆ, ಸುಮಾರು 900 ಮೀಟರ್ ಎತ್ತರದ ಬಯಲಲ್ಲಿ. ಅದೇನು ಕಮ್ಮಿ ಎತ್ತರ ಅಲ್ಲ, ಹಗಲು ಬಿಸಿಲು ಹೊಡೆದ್ರೂ ರಾತ್ರಿ ತಣ್ಣಗಾಗುತ್ತೆ, ಅದಕ್ಕೇ ಹಣ್ಣಲ್ಲಿ ಹುಳಿ ಉಳ್ಕೊಳ್ಳುತ್ತೆ, ವೈನಿಗೆ ಬೇಕಾಗಿರೋದೂ ಅದೇ. ಇಷ್ಟು ನಿಜಾನ ಲೇಬಲ್ ಹಿಂದೆ ಎರಡು ಸಾಲಲ್ಲಿ ಬರೆದ್ರೆ ಸಾಕಲ್ವಾ, ಮಂಜು ಮುಚ್ಚಿರೋ ಶಿಖರದ ಚಿತ್ರ ಯಾಕೆ ಬೇಕು ಹೇಳಿ.

ಫೋನ್ ಮಾಡಿ 'ದ್ರಾಕ್ಷಿ ಎಲ್ಲಿಂದ ಬರುತ್ತೆ, ಹಣ್ಣು ಅರೆಯೋದು ಇಲ್ಲೇನಾ' ಅಂತ ನೇರವಾಗಿ ಕೇಳಿ. ಉತ್ತರ ಕರ್ನಾಟಕದ ವಿಜಯಪುರದ ಕಡೆಯಿಂದ ತರಿಸ್ತೀವಿ ಅಂದ್ರೂ ಪರವಾಗಿಲ್ಲ, ಅಲ್ಲೂ ಒಳ್ಳೆ ದ್ರಾಕ್ಷಿ ಬೆಳೀತಾರೆ, ಆದ್ರೆ ಕೇಳಿದ ತಕ್ಷಣ ಹೇಳ್ಬೇಕು. 'ವ್ಯೂ ಸೂಪರ್ ಇದೆ ಬನ್ನಿ' ಅಂತ ಮಾತು ತೇಲಿಸಿದ್ರೆ ಬಿಟ್ಬಿಡಿ.

ತೋಟದ_ಮನೆ
ಅಕ್ಕ, ನಾವು ದ್ರಾಕ್ಷಿ ಬೆಳೆಯೋರು, ತಾತನ ಕಾಲದಿಂದ ಬೆಂಗಳೂರು ಬ್ಲೂ. ನಿಮಗೆ ಫೋಟೋದಲ್ಲೇ ಗೊತ್ತಾಗೋ ಗುರುತು ಒಂದು ಹೇಳ್ತೀನಿ. ಕಲ್ಲು ಕಂಬ ನೆಟ್ಟು ತಲೆ ಮೇಲೆ ತಂತಿ ಎಳೆದು ಚಪ್ಪರ ಹಾಕಿದ್ರೆ, ಕೆಳಗೆ ನೆರಳಲ್ಲಿ ಗೊಂಚಲು ನೇತಾಡ್ತಿದ್ರೆ, ಅದು ಹೆಚ್ಚಾಗಿ ಬ್ಲೂನೋ ದಿಲ್‌ಖುಷ್ಷೋ ಇರುತ್ತೆ. ಕ್ಯಾಬರ್ನೆ, ಶಿರಾಜ್ ಥರದ ವೈನ್ ದ್ರಾಕ್ಷಿಗಳು ಸಾಮಾನ್ಯವಾಗಿ ಬೇಲಿ ಥರ ಸಾಲಲ್ಲಿ ನಿಂತಿರ್ತವೆ, ಎದೆಮಟ್ಟ, ಗೊಂಚಲು ಚಿಕ್ಕದು, ಕಾಳೂ ಚಿಕ್ಕದು. ಎಷ್ಟೋ ಕಡೆ ಜಾಹೀರಾತಲ್ಲಿ ನಮ್ಮ ಚಪ್ಪರದ ಫೋಟೋ ಹಾಕಿ ಕೆಳಗೆ ಕ್ಯಾಬರ್ನೆ ಅಂತ ಬರೆದಿರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಬ್ಲೂ ಹಾಕಿ ಮಾಡೋರು ಲೇಬಲ್ ಮೇಲೆ ಅದರ ಹೆಸರು ದೊಡ್ಡದಾಗಿ ಹಾಕೋಕೆ ಹಿಂಜರೀತಾರೆ, ಬರೀ ಪೋರ್ಟ್ (ಸಿಹಿ ವೈನ್) ಅಂತ ಮಾರ್ತಾರೆ. 2013ರಲ್ಲೇ ಜಿಐ ಟ್ಯಾಗ್, ಅಂದ್ರೆ ಈ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು, ಸಿಕ್ಕಿರೋ ಹಣ್ಣಿಗೆ ಯಾಕೆ ನಾಚ್ಕೋಬೇಕು?

ಒಂದು ಕಾಳು ತಗೊಂಡು ಬೆರಳಲ್ಲಿ ಒತ್ತಿ, ತಿರುಳು ಗೋಲಿ ಥರ ಚಂಗನೆ ಆಚೆ ಬರುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ, ಆ ಘಮ ಕೈ ತೊಳೆದ್ರೂ ಸ್ವಲ್ಪ ಹೊತ್ತು ಹೋಗಲ್ಲ. ವೈನಲ್ಲೂ ಅದೇ ಘಮ ಬರುತ್ತೆ. ಕೆಲವರಿಗೆ ಇಷ್ಟ ಆಗಲ್ಲ, ಆಗ್ದಿದ್ರೆ ಬೇಡ, ಆದ್ರೆ ಅದು ಈ ಮಣ್ಣಿನ ವಾಸನೆ ತಾನೇ. ಸಾವಿರ ಅಡಿ ದಾಟಿರೋ ಬೋರ್‌ವೆಲ್ ನೀರನ್ನ ಡ್ರಿಪ್ಪಲ್ಲಿ ಹನಿ ಹನಿ ಬಿಟ್ಟು ಸಾಕಿರ್ತೀವಿ, ನಮ್ಮೂರ ಹೆಸರು ಬಾಟಲ್ ಮೇಲೆ ಒಂದ್ ಮೂಲೆಲಿ ಇದ್ರೂ ಸಾಕು.

ಹಳೇ_ಸ್ಟೀವರ್ಡ್
ತೋಟದ ಮನೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹೋಟೆಲ್ ಲೈನಲ್ಲಿ ಇದ್ದೋನು, ಟೇಸ್ಟಿಂಗ್ ರೂಮಲ್ಲೂ ಕೆಲಸ ಮಾಡಿದೀನಿ. ಗ್ರೋವರ್ 1988ರಲ್ಲಿ ಶುರುವಾಗಿ, ಆಮೇಲೆ ಫ್ರಾನ್ಸ್‌ನ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದು, ಗ್ರೋವರ್‌ನವರು ಟೂರ್, ಟೇಸ್ಟಿಂಗ್ ಅಂತ ಒಂದು ಪದ್ಧತಿ ಹಾಕಿದ್ರು. ಸರ್ಕಾರದ ವೈನ್ ನೀತಿ 2007ರಲ್ಲಿ ಬಂತು, ಆಮೇಲೆ ಚಿಕ್ಕವರೂ ಈ ಕೆಲಸಕ್ಕೆ ಇಳಿದ್ರು. ಅವರಲ್ಲಿ ಕೆಲವರು ದೊಡ್ಡವರ ಬ್ರೋಶರ್ ನೋಡಿ ಇಟಲಿ ಥರ ಕಮಾನು, ಹೆಂಚು ಅಂತ ದುಡ್ಡು ಸುರೀತಾರೆ, ಟ್ಯಾಂಕ್ ತಣ್ಣಗಿಡೋ ಚಿಲ್ಲರ್‌ಗೆ ಕೈ ಬಿಗಿ ಹಿಡೀತಾರೆ. ನನಗೆ ಶೀಟ್ ಶೆಡ್ ಇದ್ರೂ ಬೇಜಾರಿಲ್ಲ ಮೇಡಂ. ನೆಲ ತೊಳೆದಿದ್ಯಾ, ಸ್ಟೀಲ್ ಟ್ಯಾಂಕ್ ಮೇಲೆ ಯಾವ ದ್ರಾಕ್ಷಿ, ಯಾವತ್ತು ತುಂಬಿದ್ದು ಅಂತ ಚಾಕ್‌ಪೀಸಲ್ಲಾದ್ರೂ ಬರೆದಿದಾರಾ, ಅದನ್ನ ನೋಡ್ತೀನಿ. ಓಕ್ ಬ್ಯಾರಲ್ ಬರೀ ಸೆಲ್ಫಿಗೆ ಇಟ್ಟಿದಾರೋ ಒಳಗೆ ವೈನ್ ಇದ್ಯೋ ಕೇಳಿ. 'ರಿಸರ್ವ್' ಅನ್ನೋ ಪದ ನೋಡಿ ಜಾಸ್ತಿ ದುಡ್ಡು ಕೊಡಬೇಡಿ, ಎಷ್ಟು ತಿಂಗಳು ಯಾವ ಮರದಲ್ಲಿ ಇಟ್ಟಿದ್ರು ಅಂತ ಹೇಳಿದ್ರೆ ಮಾತ್ರ ಅದಕ್ಕೆ ಅರ್ಥ.

ಮಾಲೀಕರೇ ಬಂದು ಗ್ಲಾಸಿಗೆ ಹಾಕಿ ಕೊಡೋ ಜಾಗ ಸಿಕ್ಕಿದ್ರೆ ಬಿಡಬೇಡಿ. ಚಿಕ್ಕ ವೈನರಿಗೆ ಹೋಗೋದೇ ಅದಕ್ಕೆ.

ಚಿಕ್‌ಬಳ್ಳಾಪುರದವಳು
ಎಲ್ರಿಗೂ ಥ್ಯಾಂಕ್ಸ್. ನೀವು ಹೇಳಿದ ಹಾಗೇ ಎರಡು ಕಡೆ ಫೋನ್ ಮಾಡ್ದೆ. ಒಬ್ರು ಪ್ಯಾಕೇಜ್, ಡಿಜೆ, ಪೂಲ್ ಅಂತ ಶುರು ಮಾಡಿದ್ರು, ದ್ರಾಕ್ಷಿ ವಿಷಯಕ್ಕೆ ಬರ್ಲೇ ಇಲ್ಲ. ಇನ್ನೊಬ್ರು 'ನಮ್ಮಲ್ಲಿ ಟೇಸ್ಟಿಂಗ್ ರೂಮ್ ಅಂತೇನಿಲ್ಲ ಮೇಡಂ, ಆಫೀಸಲ್ಲೇ ಕೂತ್ಕೋಬೇಕು, ಹಣ್ಣು ಅರ್ಧ ನಮ್ದು ಅರ್ಧ ಅಕ್ಕಪಕ್ಕದ ರೈತರದ್ದು, ಕೊಯ್ಲು ನಡೀತಿದ್ರೆ ತೋರಿಸ್ತೀವಿ' ಅಂದ್ರು. ಅವರ ವೆಬ್‌ಸೈಟಲ್ಲಿ ಇದ್ಯಾವುದೂ ಇಲ್ಲ, ಅಲ್ಲೂ ಅದೇ ಮಂಜು ಬೆಟ್ಟ! ಅಲ್ಲಿಗೇ ಹೋಗ್ತೀವಿ, ಭಾವ ಕುಡೀತಾರೆ ಅಂತ ಡ್ರೈವರ್ ಬುಕ್ ಮಾಡಿದೀನಿ. ತೋಟದ ಮನೆ ಅಣ್ಣ, ಫೆಬ್ರವರಿಲಿ ನಿಮ್ಮ ಚಪ್ಪರದಲ್ಲಿ ಹಣ್ಣು ಇರುತ್ತಾ?

ತೋಟದ_ಮನೆ
ಬ್ಲೂ ವರ್ಷಕ್ಕೆ ಎರಡು ಬೆಳೆ ಬರುತ್ತಕ್ಕ, ಯಾವ ತಿಂಗಳು ಹಣ್ಣು ಅನ್ನೋದು ಚಾಟ್ನಿ (ಬಳ್ಳಿ ಕತ್ತರಿಸೋದು) ಯಾವಾಗ ಮಾಡಿದ್ವಿ ಅನ್ನೋದ್ರ ಮೇಲೆ ಹೋಗುತ್ತೆ. ನಮ್ದು ಮಾರ್ಚ್‌ಗೆ, ಪಕ್ಕದ ತೋಟದ್ದು ಫೆಬ್ರವರಿಗೇ ಬಣ್ಣ ಕಟ್ಟಿರುತ್ತೆ. ಹೊರಡೋ ಹಿಂದಿನ ದಿನ ಮೆಸೇಜ್ ಹಾಕಿ. ಬೆಳಿಗ್ಗೆನೇ ಬನ್ನಿ, ಹತ್ತು ಗಂಟೆ ಮೇಲೆ ಔಷಧಿ ಹೊಡೆಯೋ ಕೆಲಸ ಇದ್ರೆ ಒಳಗೆ ಬಿಡೋಕಾಗಲ್ಲ.