‘ಧುರೀಣೆ’ ಎಂದರೆ ಯಾರು? ‘ನಾಯಕಿ’ ಬದಲು ಬರೆಯಬಹುದೇ?

(ಕರಡಪ್ಪನ ಪ್ರಶ್ನೆಗಳಿಗೆ ‘ನುಡಿಗಂಟು’, ‘ಹಳೇ ವ್ಯಾಕರಣ’, ‘ಪುಟ ಮೂರು’ ಎಂಬ ಹೆಸರಿನ ಮೂವರ ಉತ್ತರ.)

ಕರಡಪ್ಪ: ಸುದ್ದಿಗಳಲ್ಲಿ ‘ಪಕ್ಷದ ಹಿರಿಯ ಧುರೀಣೆ’ ಎಂದು ಬರುತ್ತದೆ. ಇದಕ್ಕೂ ‘ನಾಯಕಿ’ಗೂ ವ್ಯತ್ಯಾಸ ಇದೆಯೇ? ‘ರಾಜಕಾರಣಿ’ಗೆ ಸ್ತ್ರೀಲಿಂಗ ರೂಪ ಯಾವುದು? ಒಬ್ಬರ ಬಗ್ಗೆ ‘ಶಾಸಕಿಯರು ಹೇಳಿದರು’ ಅಂದರೆ ತಪ್ಪೇ?

ನುಡಿಗಂಟು: ‘ಧುರ್’ ಅಂದರೆ ನೊಗ. ನೊಗಕ್ಕೆ ಹೆಗಲು ಕೊಡಬಲ್ಲ ಎತ್ತು ಧುರೀಣ. ಅಲ್ಲಿಂದಲೇ ಹೊಣೆ ಹೊತ್ತವನು, ಮುಂದಾಳು ಎಂಬ ಅರ್ಥ. ಸದಸ್ಯ–ಸದಸ್ಯೆ, ಸಚಿವ–ಸಚಿವೆ ಆದಂತೆ ಧುರೀಣ–ಧುರೀಣೆ. ‘ಕ’ದಿಂದ ಮುಗಿಯುವ ಪದಗಳಿಗೆ ಕನ್ನಡದಲ್ಲಿ ‘ಇ’ ಹತ್ತುತ್ತದೆ: ಶಾಸಕಿ, ನಾಯಕಿ. ಸಂಸ್ಕೃತದ ಜಾಡಿನ ‘ನಾಯಿಕೆ’ ಕಾವ್ಯಮೀಮಾಂಸೆಗೆ ಸರಿ, ವಿಧಾನಸೌಧಕ್ಕಲ್ಲ.

ಧುರೀಣೆ ಹುದ್ದೆಯ ಹೆಸರಲ್ಲ. ಹುದ್ದೆ ಇರಲಿ ಬಿಡಲಿ, ವರ್ಷಗಟ್ಟಲೆ ಸಂಘಟನೆ ಹೊತ್ತವರಿಗೆ ಒಪ್ಪುತ್ತದೆ. ನಿನ್ನೆ ಪಕ್ಷ ಸೇರಿದವರಿಗೆ ಬಳಸಿದರೆ ಹೊಗಳುಭಟ್ಟಂಗಿತನ. ‘ನಾಯಕಿ’ಯ ತೊಡಕೇ ಬೇರೆ. ಚುನಾವಣಾ ಪ್ರಚಾರದ ಸುದ್ದಿಯಲ್ಲಿ ‘ನಾಯಕಿ ಬಂದರು’ ಅಂದರೆ ಬಂದದ್ದು ಸಿನಿಮಾದವರೋ ಪಕ್ಷದವರೋ? ‘ಪಕ್ಷದ ನಾಯಕಿ’, ‘ರೈತ ನಾಯಕಿ’ ಎಂದು ಮುಂದೊಂದು ಪದ ಇಟ್ಟರೆ ಗೊಂದಲವಿಲ್ಲ.

ಹಳೇ ವ್ಯಾಕರಣ: ರಾಜಕಾರಣಿಗೆ ಬೇರೆ ರೂಪ ಬೇಡ. ಮಂತ್ರಿ, ಅಧಿಕಾರಿ ಪದಗಳಲ್ಲಿರುವಂತೆ ಅಲ್ಲಿನ ‘ಇ’ ಹೆಣ್ಣಿನ ಗುರುತಲ್ಲ, ಇಬ್ಬರಿಗೂ ಅದೇ. 1966ರಲ್ಲಿ ಇಂದಿರಾ ಗಾಂಧಿ ಆದದ್ದೂ ‘ಪ್ರಧಾನಿ’ಯೇ. ರಾಷ್ಟ್ರಪತಿಯ ‘ಪತಿ’ ಗಂಡನಲ್ಲ, ಸೇನಾಪತಿಯಲ್ಲಿರುವ ಒಡೆತನ. 2007ರಲ್ಲಿ ಪ್ರತಿಭಾ ಪಾಟೀಲ್, 2022ರಲ್ಲಿ ದ್ರೌಪದಿ ಮುರ್ಮು ಇಬ್ಬರೂ ರಾಷ್ಟ್ರಪತಿಗಳೇ. ‘ರಾಷ್ಟ್ರಪತ್ನಿ’ ಎಂದವರಿಗೆ ವ್ಯಾಕರಣವೂ ಗೊತ್ತಿಲ್ಲ, ಮರ್ಯಾದೆಯೂ ಗೊತ್ತಿಲ್ಲ.

ಪುಟ ಮೂರು: ಕೊನೆಯ ಪ್ರಶ್ನೆಯಲ್ಲೇ ಹೆಚ್ಚು ಜನ ಎಡವುವುದು. ‘ಶಾಸಕಿಯರು’ ಬಹುವಚನ, ಕನಿಷ್ಠ ಇಬ್ಬರು ಬೇಕು. ಒಬ್ಬರಿಗೆ ಗೌರವ ಸಲ್ಲಬೇಕಾದರೆ ‘ಶಾಸಕಿಯವರು’, ‘ಅಧ್ಯಕ್ಷೆಯವರು’. ಆ ‘ವ’ ಬಿಟ್ಟುಹೋದರೆ ಒಬ್ಬ ಅಧ್ಯಕ್ಷೆ ಹೋಗಿ ಹಲವರಾಗುತ್ತಾರೆ. ಹೆಸರಿದ್ದರೆ ಗೌರವ ಹೆಸರಿನ ಮೇಲೆ: ‘ಸಚಿವೆ ಇಂಥವರು ಹೇಳಿದರು’. ಹೆಣ್ಣೆಂಬುದು ಸುದ್ದಿಗೆ ಮುಖ್ಯವಲ್ಲದಿದ್ದರೆ ‘ಸಚಿವರು’ ಸಾಕು, ಆ ‘ರು’ ಇಬ್ಬರಿಗೂ ನಡೆಯುತ್ತದೆ.

‘ಮಹಿಳಾ ಶಾಸಕಿ’ ಎಂದು ಮಾತ್ರ ಬರೆಯಬೇಡಿ, ಒಂದೇ ಮಾತು ಎರಡು ಸಲ. ‘ಮಹಿಳಾ ರಾಜಕಾರಣಿ’ ಸರಿ, ಅಲ್ಲಿ ಲಿಂಗ ತಿಳಿಸಲು ಬೇರೆ ದಾರಿಯಿಲ್ಲ.

ಕರಡಪ್ಪ: ‘ನೇತಾರ’ಗೆ?

ನುಡಿಗಂಟು: ಸಂಸ್ಕೃತದಲ್ಲಿ ‘ನೇತ್ರೀ’ ಇದೆ. ಕನ್ನಡದಲ್ಲಿ ಬರೆದರೆ ಓದುಗರು ಕಣ್ಣಿನ ಆಸ್ಪತ್ರೆ ಅಂದುಕೊಂಡಾರು. ‘ಮುಂದಾಳು’ ಬಳಸಿ, ಲಿಂಗದ ತಂಟೆಯೇ ಇಲ್ಲ.