ಓದುಗರ ಸ್ಪಂದನ: ‘ನಾನೇ ಕೇಳಲೇ, ಅವನು ಹೇಳುವವರೆಗೆ ಕಾಯಲೇ?’

ಕೆನಡಾದ ಮಿಸ್ಸಿಸಾಗಾದಲ್ಲಿ ನೆಲೆಸಿರುವ ಮೈಸೂರು ಮೂಲದ ತಾಯಿಯೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ವಿಶ್ವವಿದ್ಯಾಲಯದ ಐಸ್ ಹಾಕಿ ತಂಡದಲ್ಲಿ ಆಡುವ ಅವರ ಇಪ್ಪತ್ತೊಂದು ವರ್ಷದ ಮಗ ಚಳಿಗಾಲದ ರಜೆಗೆ ಮನೆಗೆ ಬಂದಿದ್ದ. ಪರಸ್ಪರ ಎದುರಾಳಿಗಳಾದ ಇಬ್ಬರು ಪುರುಷ ಹಾಕಿ ಆಟಗಾರರ ಗುಟ್ಟಿನ ಪ್ರೇಮವನ್ನು ಹೇಳುವ, 2025ರ ನವೆಂಬರಿನಲ್ಲಿ ಅಲ್ಲಿನ ಕ್ರೇವ್ ಎಂಬ ಸ್ಟ್ರೀಮಿಂಗ್ ವೇದಿಕೆಯಲ್ಲಿ ಆರಂಭವಾದ ‘ಹೀಟೆಡ್ ರೈವಲ್ರಿ’ ಧಾರಾವಾಹಿಯನ್ನು ಅವನು ಒಬ್ಬನೇ ನೋಡುತ್ತಿದ್ದ. ಮೊದಲ ಸೀಸನ್ನಿನ ಆರನೆಯ ಹಾಗೂ ಕೊನೆಯ ಕಂತಿನ ಕೊನೆಯ ಭಾಗಕ್ಕೆ ಮಾತ್ರ “ಅಮ್ಮಾ, ಇದೊಂದು ಸ್ವಲ್ಪ ನೋಡು ಬಾ” ಎಂದು ತಾಯಿಯನ್ನು ಕರೆದ. ನಾಯಕ ಶೇನ್ ತನ್ನ ತಾಯಿಯ ಮುಂದೆ ಅಳುತ್ತಾ ಕ್ಷಮೆ ಕೇಳುವ, ಆಕೆ ಅವನನ್ನು ತಡೆದು ತಾನೇ ಕ್ಷಮೆ ಕೇಳುವ ದೃಶ್ಯ ಅದು. ನೋಡಿ ಮುಗಿದಾಗ ನಮ್ಮ ಓದುಗರಿಗೆ ಏನು ಹೇಳಬೇಕೆಂದು ತೋಚದೆ, “ಊಟಕ್ಕೆ ಬಡಿಸಲೇನೋ?” ಎಂದಿದ್ದರು. ಮಗ ಎದ್ದು ಮಹಡಿಗೆ ಹೋದ, ಮರುವಾರ ಹಾಸ್ಟೆಲಿಗೆ ಮರಳಿದ. ಮೈಸೂರಿನ ಅಜ್ಜಿ ಈಗಾಗಲೇ ಜಾತಕ ತೆಗೆದಿಟ್ಟಿದ್ದಾರೆ. ತಾನೇ ನೇರವಾಗಿ ಕೇಳಬೇಕೇ, ಅವನಾಗಿ ಹೇಳುವವರೆಗೆ ಸುಮ್ಮನಿರಬೇಕೇ ಎಂಬುದು ತಾಯಿಯ ಪ್ರಶ್ನೆ.

ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತಿದ್ದೇವೆ. ಹೆಸರುಗಳನ್ನು ಬಿಟ್ಟಿದ್ದೇವೆ.

*

ಮಗನಿಗೆ ಹೇಳಲಾಗದ್ದನ್ನು ತಾವು ನಮಗೆಲ್ಲ ಹೇಳಿದ್ದೀರಿ. ಆ ಗುಟ್ಟು ಅವನದು, ತಮ್ಮದಲ್ಲ. ಮಿಸ್ಸಿಸಾಗಾದಲ್ಲಿ ಐಸ್ ಹಾಕಿ ಆಡುವ ಕನ್ನಡದ ಹುಡುಗರು ಎಷ್ಟು ಮಂದಿ ಇದ್ದಾರು?

— ಧಾರವಾಡ

*

ಈ ಆಕ್ಷೇಪದಲ್ಲಿ ನಮಗೂ ಪಾಲಿದೆ. ಊರಿನ ಹೆಸರನ್ನು ಪತ್ರ ಬರೆದವರ ಒಪ್ಪಿಗೆ ಪಡೆದು ಬದಲಿಸಿದ್ದೆವು. ಅದನ್ನು ಅಂದೇ ತಿಳಿಸಬೇಕಿತ್ತು. ಮುಂದಿನ ಪತ್ರ ಹುಡುಗನ ಆಟದ ಭವಿಷ್ಯವನ್ನು ಕುರಿತದ್ದು.

*

ನನ್ನಿಬ್ಬರು ಮಕ್ಕಳನ್ನು ಹನ್ನೊಂದು ವರ್ಷ ಬೆಳಗಿನ ಜಾವ ಐದು ಗಂಟೆಗೆ ರಿಂಕಿಗೆ ಕರೆದೊಯ್ದವನು ನಾನು. ಲಾಕರ್ ರೂಮಿನ ಬಾಗಿಲ ಹೊರಗೆ ಸ್ಕೇಟಿನ ಲೇಸು ಬಿಗಿಯುತ್ತಾ ಕೂತ ತಂದೆಯರಿಗೆ ಒಳಗಿನ ಮಾತು ಕೇಳಿಸುತ್ತದೆ. ಸೋತವನನ್ನು, ಹೆದರಿದವನನ್ನು, ಅತ್ತವನನ್ನು ಅಲ್ಲಿ ಕರೆಯುವ ಬೈಗುಳ ಒಂದೇ. ಅದನ್ನು ಎಂಟನೆಯ ವಯಸ್ಸಿನಿಂದ ಕೇಳುತ್ತಾ ಬೆಳೆದ ಹುಡುಗ ಇಪ್ಪತ್ತೊಂದಕ್ಕೆ ಬಾಯಿ ಬಿಡದಿದ್ದರೆ ಅದು ತಾಯಿಯ ತಪ್ಪಲ್ಲ.

ಧಾರಾವಾಹಿಯಲ್ಲಿ ತೋರಿಸಿದ್ದು ಉತ್ಪ್ರೇಕ್ಷೆಯೇ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯ ನ್ಯಾಷನಲ್ ಹಾಕಿ ಲೀಗ್ 1917ರಲ್ಲಿ ಆರಂಭವಾಯಿತು. ಅಲ್ಲಿ ಪಂದ್ಯಗಳನ್ನು ಆಡುತ್ತಿರುವಾಗಲೇ ತಾನು ಸಲಿಂಗಪ್ರೇಮಿ ಎಂದು ಹೇಳಿಕೊಂಡ ಆಟಗಾರ ನನಗೆ ತಿಳಿದಂತೆ ಒಬ್ಬನೂ ಇಲ್ಲ. 2021ರ ಜುಲೈನಲ್ಲಿ ಲ್ಯೂಕ್ ಪ್ರೊಕೊಪ್ ಹೇಳಿಕೊಂಡಾಗ ಅವರು ನ್ಯಾಶ್‌ವಿಲ್ ತಂಡದ ಒಪ್ಪಂದದಲ್ಲಿದ್ದರೂ ಇನ್ನೂ ಕಿರಿಯರ ಹಂತದಲ್ಲಿ ಆಡುತ್ತಿದ್ದರು. ಧಾರಾವಾಹಿಯಲ್ಲಿ ನ್ಯೂಯಾರ್ಕಿನ ಸ್ಕಾಟ್ ಹಂಟರ್ ಕಪ್ ಗೆದ್ದ ರಾತ್ರಿ ತನ್ನ ಪ್ರಿಯಕರನನ್ನು ಮಂಜಿನ ಅಂಕಣಕ್ಕೆ ಕರೆದು ಎಲ್ಲರೆದುರು ಚುಂಬಿಸುತ್ತಾನಲ್ಲ, ಅಂಥ ರಾತ್ರಿಯನ್ನು ಆ ಲೀಗ್ ಇನ್ನೂ ಕಂಡಿಲ್ಲ. 2023ರಲ್ಲಿ ಪಂದ್ಯಕ್ಕೆ ಮುಂಚಿನ ಅಭ್ಯಾಸದ ವೇಳೆ, ಸಲಿಂಗಪ್ರೇಮಿಗಳಿಗೆ ಬೆಂಬಲ ಸೂಚಿಸುವ ಕಾಮನಬಿಲ್ಲಿನ ಬಣ್ಣದ ಅಂಗಿ ತೊಡುವುದನ್ನೂ ಲೀಗ್ ನಿಲ್ಲಿಸಿತು. ಸ್ಟಿಕ್ಕಿಗೆ ಸುತ್ತುವ ಅದೇ ಬಣ್ಣದ ಟೇಪನ್ನು ನಿಷೇಧಿಸಿ, ಆಟಗಾರನೊಬ್ಬ ಅದನ್ನು ಸುತ್ತಿಕೊಂಡೇ ಆಡಿದ ಮೇಲೆ ಅಕ್ಟೋಬರಿನಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಶೇನ್‌ನ ಪ್ರಿಯಕರನಾದ ಎದುರಾಳಿ ಇಲ್ಯಾನ ಭಯವೂ ಕಥೆಗಾರನ ಕಲ್ಪನೆಯಲ್ಲ. ಅವನು ರಷ್ಯದವನು. ಅಪ್ರಾಪ್ತ ವಯಸ್ಕರ ನಡುವೆ ಸಲಿಂಗಪ್ರೇಮದ ‘ಪ್ರಚಾರ’ವನ್ನು ಶಿಕ್ಷಾರ್ಹವಾಗಿಸಿದ ಕಾನೂನು ಅಲ್ಲಿ 2013ರಲ್ಲಿ ಬಂತು, 2023ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಡೀ ಚಳವಳಿಯನ್ನೇ ಉಗ್ರವಾದವೆಂದು ಘೋಷಿಸಿತು.

ನಿಮ್ಮ ಮಗ ಆಟ ಮುಂದುವರಿಸಲಿ. ತಂಡದಲ್ಲಿ ಯಾರಿಗೆ, ಯಾವಾಗ ಹೇಳಬೇಕೆಂಬುದನ್ನು ಅವನೇ ನಿರ್ಧರಿಸಲಿ.

— ಒಟ್ಟಾವಾ

*

ತಾಯಿ ಕೇಳಿದ್ದು ತಂಡದ ವಿಷಯವಲ್ಲ, ಮನೆಯ ವಿಷಯ. ಮುಂದಿನ ಪತ್ರ ದೀರ್ಘವಾಗಿದ್ದರೂ ಒಂದು ಸಾಲನ್ನೂ ಕತ್ತರಿಸಿಲ್ಲ.

*

ನನಗೀಗ ಅರವತ್ತೊಂದು ವರ್ಷ. ನಮ್ಮ ಕೊಡಗಿನಲ್ಲಿ ಹಾಕಿ ಸ್ಟಿಕ್ ಇಲ್ಲದ ಮನೆ ಅಪರೂಪ. ಆಟದ ಬಲದಿಂದಲೇ ನನಗೆ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ನೌಕರಿ ಸಿಕ್ಕಿತು. ಅದೇ ತಂಡದ ಗೋಲ್‌ಕೀಪರ್ ಅವನು, ನಮ್ಮ ಜಿಲ್ಲೆಯವನೇ. 1987ರಿಂದ ಎರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಆಮೇಲೆ ಅವನಿಗೆ ಬೇರೆ ಇಲಾಖೆಯಲ್ಲಿ ಮೇಲಿನ ಹುದ್ದೆ ಸಿಕ್ಕು ಎದುರಾಳಿ ತಂಡಕ್ಕೆ ಹೋದ. ಆಗ ನಮಗೆ ಉಳಿದದ್ದು ವರ್ಷಕ್ಕೆ ನಾಲ್ಕೈದು ಟೂರ್ನಿಗಳು ಮಾತ್ರ. ಪಂದ್ಯಗಳ ಪಟ್ಟಿ ಬಂದಾಗ ಉಳಿದವರು ತಮ್ಮ ಪಂದ್ಯ ಎಂದಿಗೆ ಎಂದು ನೋಡುತ್ತಿದ್ದರು, ನಾನು ಅವನ ತಂಡ ಬರುವುದೋ ಇಲ್ಲವೋ ಎಂದು ನೋಡುತ್ತಿದ್ದೆ. ನಮ್ಮ ಕಡೆಯ ಪೆನಾಲ್ಟಿ ಕಾರ್ನರ್ ಹೊಡೆಯುವವನು ನಾನೇ ಆದ್ದರಿಂದ, ಮೂರು ನೂರು ಮೈಲಿ ಪ್ರಯಾಣ ಮಾಡಿ ನೋಡಲು ಹೋದವನ ಎದುರಿಗೇ ಚೆಂಡನ್ನು ಬಲವಾಗಿ ಹೊಡೆಯಬೇಕಾಗುತ್ತಿತ್ತು. ನಮ್ಮ ಮಗಳು ಈ ಧಾರಾವಾಹಿಯ ಕಥೆಯನ್ನು ಹೇಳಿದಾಗ ನಾನು ಎದ್ದು ತೋಟಕ್ಕೆ ಹೋದೆ.

ಹೌದು, ನನಗೆ ಮಗಳಿದ್ದಾಳೆ, ಹೆಂಡತಿಯೂ ಇದ್ದಾಳೆ. ಆಕೆಗೆ ಈ ಪತ್ರ ಗೊತ್ತು.

ತಾಯಿಯೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಅವ್ವ ಕೇಳಿದ್ದರು. ಕಾಫಿ ಹರಡಿದ್ದ ಕಣದಲ್ಲಿ, ನನ್ನ ಚಿಕ್ಕಪ್ಪ ಪಕ್ಕದಲ್ಲೇ ನಿಂತಿರುವಾಗ, “ನಿನಗೂ ಆ ಹುಡುಗನಿಗೂ ಏನು?” ಎಂದರು. ಅದರಲ್ಲಿ ಸಿಟ್ಟು ಇರಲಿಲ್ಲ, ಇಂದು ನೆನೆದರೆ ಗಾಬರಿಯಿತ್ತು. ಆದರೆ ಆ ಕ್ಷಣದಲ್ಲಿ ನನ್ನ ನೌಕರಿ, ನಮ್ಮ ಮನೆತನದ ಹೆಸರು, ಅಂದು ನಮ್ಮಂಥವರನ್ನು ಅಪರಾಧಿಗಳೆನ್ನುತ್ತಿದ್ದ 377ನೇ ಕಲಂ ಎಲ್ಲವೂ ಕಣದಲ್ಲಿ ಬಂದು ನಿಂತವು. ನಾನು ನಕ್ಕು, “ಏನೂ ಇಲ್ಲ, ಅವ್ವ” ಎಂದೆ. ಅದುವರೆಗೆ ನಾನು ಅವರಿಗೆ ಹೇಳದೆ ಇದ್ದೆ, ಅಷ್ಟೇ. ಅಂದಿನಿಂದ ಸುಳ್ಳು ಹೇಳಿದವನಾದೆ. ಹೇಳದೆ ಉಳಿಸಿಕೊಂಡದ್ದನ್ನು ಯಾವಾಗ ಬೇಕಾದರೂ ಹೇಳಬಹುದು. ಇಲ್ಲ ಎಂದದ್ದನ್ನು ಹೌದೆನ್ನಲು ಮೊದಲು ತಾಯಿಗೆ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಳ್ಳಬೇಕು. ಅದು ನನ್ನಿಂದ ಆಗಲಿಲ್ಲ.

2006ರಲ್ಲಿ ಅವ್ವ ಹಾಸಿಗೆ ಹಿಡಿದಾಗ, ಒಂದು ಸಂಜೆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಅವನ ಹೆಸರು ಹಿಡಿದು, “ಅವನು ಚೆನ್ನಾಗಿದ್ದಾನೆಯೇ?” ಎಂದು ಕೇಳಿದರು. ಹತ್ತೊಂಬತ್ತು ವರ್ಷ ಆ ಹೆಸರನ್ನು ಅವರು ನೆನಪಿಟ್ಟಿದ್ದರು. ಅದಕ್ಕಿಂತ ದೊಡ್ಡದಾಗಿ ಬಾಗಿಲನ್ನು ಯಾರು ತೆರೆಯಬಲ್ಲರು? ನಾನು “ಗೊತ್ತಿಲ್ಲ” ಎಂದೆ. ಹನ್ನೆರಡು ದಿನದ ಮೇಲೆ ಅವರು ತೀರಿಕೊಂಡರು.

1997ರಲ್ಲಿ ಆರಂಭವಾದ ನಮ್ಮ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಅವನನ್ನು ನೋಡುತ್ತೇನೆ. ಅವನ ಮೊಮ್ಮಗ ಈಗ ಆಡುತ್ತಾನೆ. ಮೈದಾನದ ಅಂಚಿನಲ್ಲಿ ನಿಂತು ಎರಡು ನಿಮಿಷ ಮಾತಾಡುತ್ತೇವೆ. ಒಂದೇ ಕಂಬಳಿ ಹೊದ್ದು ರೈಲಿನಲ್ಲಿ ಹೋದವರು ಈಗ ಒಬ್ಬರಿಗೊಬ್ಬರು “ನೀವು” ಎನ್ನುತ್ತೇವೆ.

ದಯವಿಟ್ಟು ಕೇಳಬೇಡಿ. ಅವನು ಇಲ್ಲ ಎನ್ನಬೇಕಾದ ಸ್ಥಿತಿಗೆ ಅವನನ್ನು ತರಬೇಡಿ.

— ವಿರಾಜಪೇಟೆ

*

ಹಾಸನದ ಓದುಗರು ಜಾತಕದ ಮಾತನ್ನು ಮಾತ್ರ ಎತ್ತಿಕೊಂಡಿದ್ದಾರೆ. ಅದು ಬದಿಯ ವಿಷಯವೆಂದು ನಮಗೂ ಅನ್ನಿಸಲಿಲ್ಲ.

*

ನಿಮ್ಮ ಅತ್ತೆಯವರ ಕೈಯಿಂದ ಆ ಜಾತಕವನ್ನು ಇವತ್ತೇ ತೆಗೆದುಕೊಳ್ಳಿ. ನನ್ನ ಯಜಮಾನರು ರಾಜ್ಯಮಟ್ಟದ ಕಬಡ್ಡಿ ಆಟಗಾರರಾಗಿದ್ದರು. 2004ರಲ್ಲಿ ಮದುವೆಯಾಯಿತು. ಅವರು ಒಂದು ದಿನವೂ ನನಗೆ ಕೈಯೆತ್ತಲಿಲ್ಲ, ಗದರಲಿಲ್ಲ, ಸಂಬಳವನ್ನು ತಂದು ನನ್ನ ಕೈಗೇ ಕೊಟ್ಟರು. ಒಂಬತ್ತು ವರ್ಷ ನಾನು ಕನ್ನಡಿಯ ಮುಂದೆ ನಿಂತು ನನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡೆ. ಅವರ ಮನೆಯಲ್ಲಿ ಇಬ್ಬರಿಗೆ ಮೊದಲೇ ಗೊತ್ತಿತ್ತು. ಮದುವೆಯಾದರೆ ಸರಿಹೋಗುತ್ತದೆ ಎಂದು ಅವರು ಮಾತಾಡಿಕೊಂಡಿದ್ದರಂತೆ. ಮಗನ ಮನಸ್ಸು ನಿಮಗೆ ಖಚಿತವಾಗಿ ತಿಳಿಯದಿದ್ದರೂ, ಅವನೇ ಬಯಸಿ ಕೇಳುವವರೆಗೆ ಯಾವ ಹೆಣ್ಣಿನ ಮನೆಗೂ ಮಾತು ಕಳುಹಿಸಬೇಡಿ. ಆ ಹುಡುಗಿಯ ಪರವಾಗಿ ಕೇಳುತ್ತಿದ್ದೇನೆ.

— ಹಾಸನ

*

ಇಂಥ ಧಾರಾವಾಹಿಗಳನ್ನು ಮನೆಯಲ್ಲಿ ಹಾಕಿದ್ದೇ ಮೊದಲ ತಪ್ಪು. ಹಾಕಿಯ ಕಥೆಯಲ್ಲಿ ಹಾಕಿ ಸಾಕು.

— ಬಾಗಲಕೋಟೆ

*

ಕೊನೆಯ ಪತ್ರ ಬರೆದವರು ವಯಸ್ಸಿನಲ್ಲಿ ಆ ಹುಡುಗನಿಗೆ ಎಲ್ಲರಿಗಿಂತ ಹತ್ತಿರದವರು.

*

ಆಂಟಿ, ನನಗೆ ಇಪ್ಪತ್ನಾಲ್ಕು ವರ್ಷ. ಜಿಲ್ಲಾ ತಂಡದಲ್ಲಿ ವಾಲಿಬಾಲ್ ಆಡುತ್ತೇನೆ. ಆ ಧಾರಾವಾಹಿಯಲ್ಲಿ ಅವರಿಬ್ಬರ ಫೋನುಗಳಲ್ಲಿ ಒಬ್ಬನ ಹೆಸರು ‘ಜೇನ್’, ಇನ್ನೊಬ್ಬನದು ‘ಲಿಲಿ’ ಎಂದಿರುತ್ತದೆ. ನನ್ನ ಫೋನಿನಲ್ಲಿ ಅವನು ‘ಕಾವ್ಯ ಆಫೀಸ್’. ತಂಡದವರು ಕಾವ್ಯಳ ಹೆಸರಲ್ಲಿ ನನ್ನನ್ನು ರೇಗಿಸುತ್ತಾರೆ, ನಾನು ನಾಚಿಕೊಂಡವನಂತೆ ತಲೆ ತಗ್ಗಿಸುತ್ತೇನೆ.

ಎಲ್ಲರೂ ನಿಮಗೆ ಕೇಳಿ ಅಥವಾ ಕೇಳಬೇಡಿ ಎಂದು ಬರೆಯುತ್ತಾರೆ ಎಂದುಕೊಳ್ಳುತ್ತೇನೆ. ಆದರೆ ಕೇಳುವ ಸರದಿ ನಿಮ್ಮದಲ್ಲ, ಆಂಟಿ. ಅವನು ಆಗಲೇ ಕೇಳಿಯಾಗಿದೆ. ಇಡೀ ಧಾರಾವಾಹಿಯಲ್ಲಿ ಆ ಒಂದು ದೃಶ್ಯಕ್ಕೆ ಮಾತ್ರ ನಿಮ್ಮನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡದ್ದೇ ಅವನ ಪ್ರಶ್ನೆ. ಅದರಲ್ಲೂ ಶೇನ್‌ನ ತಾಯಿ ಏಷ್ಯಾ ಮೂಲದವರು, ಮಗನ ಆಟಕ್ಕಾಗಿ ಹಗಲಿರುಳು ದುಡಿದವರು. ಅವನಿಗೆ ನೀವು ಕಂಡಿರಬೇಕು.

ನಾನೂ ಹೀಗೆ ಒಮ್ಮೆ ಕೇಳಿದ್ದೆ. 2018ರ ಸೆಪ್ಟೆಂಬರ್ 6ರಂದು, ಸಲಿಂಗಪ್ರೇಮ ಅಪರಾಧವಲ್ಲ ಎಂಬ ಸುಪ್ರೀಂ ಕೋರ್ಟಿನ ತೀರ್ಪು ಟಿ.ವಿ.ಯಲ್ಲಿ ಬರುತ್ತಿತ್ತು. “ಅಮ್ಮ, ನಿನಗೆ ಏನನ್ನಿಸುತ್ತದೆ?” ಎಂದೆ. ಅಮ್ಮ ಸೊಪ್ಪು ಬಿಡಿಸುತ್ತಾ, “ಪಾಪ, ಹೆತ್ತವರು ಹೇಗೆ ತಲೆ ಎತ್ತಿ ಓಡಾಡಬೇಕೋ” ಎಂದರು. ಅವರಿಗೆ ಅದು ನೆನಪೂ ಇರಲಾರದು. ಅಂದಿನಿಂದ ನಾನು ಮನೆಯಲ್ಲಿ ಆ ಮಾತು ತೆಗೆದಿಲ್ಲ.

ನೀವು ಅಂಥದ್ದೇನನ್ನೂ ಹೇಳಲಿಲ್ಲ, ಊಟಕ್ಕೆ ಕರೆದಿರಿ. ಆದ್ದರಿಂದ ಇನ್ನೂ ಕಾಲ ಮಿಂಚಿಲ್ಲ. ಆ ಭಾಗವನ್ನು ಇನ್ನೊಮ್ಮೆ ನೋಡಿ, ಅವನಿಗೆ ಫೋನ್ ಮಾಡಿ, ‘ಆ ತಾಯಿ ಮಾಡಿದ್ದು ಸರಿ ಕಣೋ, ಅವತ್ತು ಹೇಳಲು ಬಾಯಿ ಬರಲಿಲ್ಲ’ ಎನ್ನಿ. ಅವನ ವಿಷಯ ಎತ್ತಬೇಡಿ. ಆಮೇಲೆ ಬೇಕಾದರೆ ಅಲ್ಲಿನ ಹಿಮದ ಬಗ್ಗೆ, ಊಟದ ಬಗ್ಗೆ ಮಾತಾಡಿ.

— ಮಂಗಳೂರು

*

ಎಲ್ಲ ಪತ್ರಗಳ ಪ್ರತಿಗಳನ್ನು ಪ್ರಶ್ನೆ ಕೇಳಿದ ಓದುಗರಿಗೆ ಕಳುಹಿಸಿದ್ದೇವೆ. ಕಟ್ಟಿನಲ್ಲಿ ಮಂಗಳೂರಿನ ಪತ್ರವನ್ನು ಮೇಲಿಟ್ಟು, ಅದರ ಕೆಳಗೆ ವಿರಾಜಪೇಟೆಯದನ್ನು ಇಟ್ಟಿದ್ದೇವೆ.

— ಸಂ.