ದೊಡ್ಡ ನೆಟ್‌ವರ್ಕ್ ಕೇಂದ್ರದ ನಿರ್ವಹಣಾ ಸರ್ವರ್‌ಗೆ ಎಷ್ಟು ಸಾಮರ್ಥ್ಯ ಬೇಕು?

ನಾಲ್ಕಾವರಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನಿರುವ ಶಿಕ್ಷಣ ಸಂಸ್ಥೆಯ ನಾಲ್ಕು ಆವರಣಗಳ ನೆಟ್‌ವರ್ಕನ್ನು ಮುಂದಿನ ವರ್ಷದಿಂದ ಒಂದೇ ಕೇಂದ್ರದಿಂದ ನೋಡಿಕೊಳ್ಳಬೇಕೆಂದು ತೀರ್ಮಾನವಾಗಿದೆ. ಒಟ್ಟು 800 ಸ್ವಿಚ್‌ಗಳಿವೆ (ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆಗಳು), ಒಂದೊಂದರಲ್ಲಿ 48 ಪೋರ್ಟ್‌ಗಳು, ಎಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳು. ಹೊಸ ನಿರ್ವಹಣಾ ಸರ್ವರ್‌ಗೆ ಬಂದಿರುವ ಕೊಟೇಶನ್‌ನಲ್ಲಿ ಸಾಮರ್ಥ್ಯದ ಬಗ್ಗೆ ಇರುವುದು ‘1,000 ಸಾಧನಗಳವರೆಗೆ’ ಎಂಬ ಒಂದೇ ಸಾಲು.

ನನ್ನ ಅನುಮಾನಕ್ಕೆ ಕಾರಣವಿದೆ. ಈಗಿನ ಸರ್ವರ್ ಐದು ನಿಮಿಷಕ್ಕೊಮ್ಮೆ ಎಲ್ಲ ಸ್ವಿಚ್‌ಗಳನ್ನು ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳ ಸ್ಥಿತಿ ಕೇಳುವ ಪ್ರೋಟೋಕಾಲ್) ಮೂಲಕ ವಿಚಾರಿಸುತ್ತದೆ, ಪ್ರೊಸೆಸರ್ ಬಳಕೆ ಶೇ. 30 ದಾಟುವುದಿಲ್ಲ. ಆದರೆ ಕಳೆದ ತಿಂಗಳು ಒಂದು ಆವರಣದ ಯುಪಿಎಸ್ ಕೈಕೊಟ್ಟು ಸುಮಾರು 100 ಸ್ವಿಚ್‌ಗಳು ಆರಿದಾಗ, ಏನೂ ಆಗದ ಉಳಿದ ಮೂರು ಆವರಣಗಳ ಗ್ರಾಫ್‌ಗಳಲ್ಲೂ ಗೆರೆ ತುಂಡಾಗಿ ಖಾಲಿ ಜಾಗ ಕಾಣಿಸಿತು. ಆಗಲೂ ಪ್ರೊಸೆಸರ್ ಬಳಕೆ ಶೇ. 30ರ ಒಳಗೇ ಇತ್ತು. ಹಾಗಾದರೆ ಕಡಿಮೆ ಬಿದ್ದದ್ದು ಯಾವುದು, ಹೊಸ ಸರ್ವರ್‌ನಲ್ಲಿ ಯಾವುದನ್ನು ಹೆಚ್ಚಿಸಬೇಕು?

ಪೋರ್ಟ್161

ಸಾಧನಗಳ ಸಂಖ್ಯೆಯಿಂದ ಸಾಮರ್ಥ್ಯ ಅಳೆಯುವುದು ಮನೆಗಳನ್ನು ಎಣಿಸಿ ನೀರಿನ ಟ್ಯಾಂಕ್ ಕಟ್ಟಿದಂತೆ; ಒಳಗಿರುವವರನ್ನು ಯಾರೂ ಎಣಿಸುವುದಿಲ್ಲ. ನಿಮ್ಮಲ್ಲಿ 38,400 ಪೋರ್ಟ್‌ಗಳಿವೆ. ಪೋರ್ಟ್ ಒಂದಕ್ಕೆ 12 ಅಂಕಿಗಳನ್ನು ಓದಿಸಿದರೆ ಒಂದು ಸುತ್ತಿಗೆ 4,60,800 ಅಂಕಿಗಳಾಗುತ್ತವೆ, ಎಂದರೆ ಐದು ನಿಮಿಷದ ಸುತ್ತಿನಲ್ಲಿ ಸೆಕೆಂಡಿಗೆ 1,536. ಮೇಲಧಿಕಾರಿಗಳು ‘ನಿಮಿಷಕ್ಕೊಮ್ಮೆ ತೋರಿಸಿ’ ಎಂದ ದಿನ ಅದು 7,680ಕ್ಕೆ ಏರುತ್ತದೆ. ಅಷ್ಟನ್ನೂ ಡಿಸ್ಕ್‌ಗೆ ಬರೆಯಬೇಕಾಗುವುದರಿಂದ ಇಂಥಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಪ್ರೊಸೆಸರ್ ಅಲ್ಲ, ಡಿಸ್ಕ್.

ಆದರೆ ನಿಮಗೆ ಆದದ್ದು ಅದೂ ಅಲ್ಲವೆಂದು ತೋರುತ್ತದೆ. ಏಕಕಾಲಕ್ಕೆ ಎಷ್ಟು ಪೋಲರ್‌ಗಳು (ಸ್ವಿಚ್‌ಗಳನ್ನು ಸರದಿಯಂತೆ ವಿಚಾರಿಸುವ ಪ್ರೋಗ್ರಾಂಗಳು) ಓಡುತ್ತವೆ, ಟೈಮ್‌ಔಟ್, ಎಂದರೆ ಉತ್ತರಕ್ಕೆ ಕಾಯುವ ಸಮಯ, ಎಷ್ಟು, ಉತ್ತರ ಬಾರದಿದ್ದರೆ ಎಷ್ಟು ಬಾರಿ ಮತ್ತೆ ಕೇಳುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.

ನಾಲ್ಕಾವರಣ

16 ಪೋಲರ್‌ಗಳು, 5 ಸೆಕೆಂಡ್ ಟೈಮ್‌ಔಟ್, ಮೂರು ಮರುಪ್ರಯತ್ನ. ಪೋರ್ಟ್, ಪ್ರೊಸೆಸರ್, ಮೆಮೊರಿ, ತಾಪಮಾನ ಈ ನಾಲ್ಕನ್ನೂ ಬೇರೆಬೇರೆಯಾಗಿ ಕೇಳುತ್ತದೆ.

ಪೋರ್ಟ್161

ಉತ್ತರ ಅಲ್ಲೇ ಇದೆ. ಆರಿಹೋದ ಸ್ವಿಚ್ ‘ನಾನಿಲ್ಲ’ ಎಂದು ಹೇಳುವುದಿಲ್ಲವಾದ್ದರಿಂದ ಪೋಲರ್ ಮೊದಲ ಪ್ರಯತ್ನಕ್ಕೂ ಮೂರು ಮರುಪ್ರಯತ್ನಗಳಿಗೂ ತಲಾ 5 ಸೆಕೆಂಡ್ ಕಾಯುತ್ತದೆ. ನಾಲ್ಕು ಪ್ರಶ್ನೆಗಳಿಗೂ ಹೀಗೆ ಕಾದರೆ ಒಂದು ಸ್ವಿಚ್‌ಗೆ 80 ಸೆಕೆಂಡ್, 100 ಸ್ವಿಚ್‌ಗಳಿಗೆ 8,000 ಸೆಕೆಂಡ್. ಅದನ್ನು 16 ಪೋಲರ್‌ಗಳಿಗೆ ಹಂಚಿದರೂ ತಲಾ 500 ಸೆಕೆಂಡ್ ಬೀಳುತ್ತದೆ. ನಿಮ್ಮ ಸುತ್ತು ಇರುವುದೇ 300 ಸೆಕೆಂಡ್. ಬದುಕಿರುವ 700 ಸ್ವಿಚ್‌ಗಳ ಸರದಿ ಬರುವಷ್ಟರಲ್ಲಿ ಸುತ್ತು ಮುಗಿದಿತ್ತು. ಕಾಯುವುದಕ್ಕೆ ಪ್ರೊಸೆಸರ್ ಬೇಕಿಲ್ಲವಾದ್ದರಿಂದ ಆ ಶೇ. 30 ಕದಲಲಿಲ್ಲ.

ಹಾಗಾಗಿ ಸರ್ವರ್ ಕೊಳ್ಳುವ ಮೊದಲು ಈಗಿನದರಲ್ಲೇ ಹೀಗೆ ಹೊಂದಿಸಿ: ಪ್ರತಿ ಸುತ್ತಿನಲ್ಲೂ ಸ್ವಿಚ್‌ಗೆ ಮೊದಲು ಒಂದು ಪಿಂಗ್ (‘ಇದ್ದೀಯಾ?’ ಎಂಬ ಚಿಕ್ಕ ಸಂದೇಶ) ಹೋಗಲಿ, ಅದಕ್ಕೆ ಉತ್ತರ ಬಾರದಿದ್ದರೆ ಉಳಿದ ಪ್ರಶ್ನೆಗಳನ್ನು ಕೇಳುವುದು ಬೇಡ. ಟೈಮ್‌ಔಟನ್ನು 2 ಸೆಕೆಂಡಿಗೆ, ಮರುಪ್ರಯತ್ನವನ್ನು ಒಂದಕ್ಕೆ ಇಳಿಸಿ. ಹೊಸ ಸರ್ವರ್‌ನ ಲೆಕ್ಕವನ್ನೂ ಎಲ್ಲ ಸರಿಯಿರುವ ದಿನಕ್ಕಲ್ಲ, ಒಂದು ಇಡೀ ಆವರಣ ಕತ್ತಲಾದ ದಿನಕ್ಕೆ ಹಾಕಿ.

ಹಳೇ_ಲಾಗ್

ಲಾಗ್‌ಗಳಿಗೆ, ಎಂದರೆ ಸಾಧನಗಳು ಕಳುಹಿಸುವ ಘಟನೆಗಳ ದಾಖಲೆಗೆ, ಬೇರೆಯೇ ಸರ್ವರ್ ಇಡಿ. ಸೆಕೆಂಡಿಗೆ 500 ಸಂದೇಶ, ಒಂದೊಂದೂ 300 ಬೈಟ್ ಎಂದುಕೊಂಡರೆ ದಿನಕ್ಕೆ ಸುಮಾರು 13 ಜಿಬಿ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ 180 ದಿನಗಳ ಲಾಗ್ ಉಳಿಸಿಕೊಳ್ಳಬೇಕೆಂದರೆ ಸುಮಾರು 2.3 ಟಿಬಿ ಆಯಿತು. ಅದು ನಿಮ್ಮ ಸಂಸ್ಥೆಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಕಾನೂನು ವಿಭಾಗದವರಿಂದ ತಿಳಿದುಕೊಳ್ಳಿ.

ಇನ್ನೊಂದು ಮಾತು. ಪೋರ್ಟ್‌ನಲ್ಲಿ ಹರಿದ ಬೈಟ್‌ಗಳನ್ನು ಎಣಿಸುವ ಹಳೆಯ 32 ಬಿಟ್ ಕೌಂಟರ್‌ಗಳನ್ನೇ ಓದುತ್ತಿದ್ದರೆ ಈಗಲೇ 64 ಬಿಟ್‌ನವಕ್ಕೆ ಬದಲಿಸಿ. 1 ಗಿಗಾಬಿಟ್ ಪೂರ್ತಿ ಹರಿಯುವ ಪೋರ್ಟ್‌ನಲ್ಲಿ ಆ ಕೌಂಟರ್ 34 ಸೆಕೆಂಡಿಗೊಮ್ಮೆ, 10 ಗಿಗಾಬಿಟ್‌ನಲ್ಲಿ 3.4 ಸೆಕೆಂಡಿಗೊಮ್ಮೆ ಸುತ್ತಿ ಸೊನ್ನೆಗೆ ಬರುತ್ತದೆ. ಐದು ನಿಮಿಷಕ್ಕೊಮ್ಮೆ ಓದುವವರಿಗೆ ಅದು ಎಷ್ಟು ಸುತ್ತು ಸುತ್ತಿತೆಂದು ತಿಳಿಯುವುದೇ ಇಲ್ಲ, ಮತ್ತು ಇಂಥ ಗ್ರಾಫ್ ನೋಡಿಕೊಂಡೇ ಅಪ್‌ಲಿಂಕ್ (ಮೇಲಿನ ಹಂತದ ನೆಟ್‌ವರ್ಕ್‌ಗೆ ಜೋಡಿಸುವ ಸಂಪರ್ಕ) ಸಾಲುತ್ತದೆಂದು ಷರಾ ಬರೆದವರನ್ನು ನಾನು ಕಂಡಿದ್ದೇನೆ.

ರಾತ್ರಿಪಾಳಿ

ಮೇಲಿನ ಇಬ್ಬರೂ ಸರ್ವರ್‌ನ ಲೆಕ್ಕ ಹೇಳಿದ್ದಾರೆ. ಆ ಸರ್ವರ್‌ನಿಂದ ಸ್ವಿಚ್‌ಗೆ ಹೋಗುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯ ನೆಟ್‌ವರ್ಕ್ ನಿಂತು 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ಸೇವೆ ತಪ್ಪಿತು. ರೂಟ್‌ಗಳನ್ನು (ದತ್ತಾಂಶ ಸಾಗುವ ದಾರಿಗಳ ಮಾಹಿತಿ) ಸೋಸುವ ಫಿಲ್ಟರ್ ಒಂದನ್ನು ತೆಗೆದದ್ದರಿಂದ ಕೋರ್ ರೂಟರ್‌ಗಳ, ಎಂದರೆ ನೆಟ್‌ವರ್ಕ್‌ನ ಕೇಂದ್ರದಲ್ಲಿರುವ ರೂಟರ್‌ಗಳ, ಮೇಲೆ ಅಳತೆ ಮೀರಿ ರೂಟ್‌ಗಳು ಬಂದು ಬಿದ್ದಿದ್ದವು. ನಿರ್ವಹಣಾ ನೆಟ್‌ವರ್ಕ್ ಕೂಡ ಅದೇ ಕೋರ್ ಮೇಲೆ ನಿಂತಿದ್ದರಿಂದ ಎಂಜಿನಿಯರ್‌ಗಳಿಗೆ ರೂಟರ್‌ಗಳ ಒಳಗೆ ಹೋಗಲಾಗಲಿಲ್ಲ, ಅವರ ಫೋನ್‌ಗಳೂ ಅದೇ ಕಂಪನಿಯವಾದ್ದರಿಂದ ಬೇರೆ ಕಂಪನಿಗಳ ಸಿಮ್‌ಗಳನ್ನು ಹಂಚಬೇಕಾಯಿತು.

ನೀವು ನಾಲ್ಕು ಆವರಣಗಳನ್ನು ಒಂದೇ ಕೇಂದ್ರಕ್ಕೆ ತರುವಾಗ ಸೃಷ್ಟಿಸುತ್ತಿರುವುದು ಅದೇ ಅಪಾಯವನ್ನು. ಪ್ರತಿ ಆವರಣದ ಕೋರ್ ಸ್ವಿಚ್‌ಗೆ ಒಂದು ಕನ್ಸೋಲ್ ಸರ್ವರ್ (ನೆಟ್‌ವರ್ಕ್ ನಿಂತರೂ ಸ್ವಿಚ್‌ನ ಕನ್ಸೋಲ್ ಕಿಂಡಿಯ ಮೂಲಕ ದೂರದಿಂದ ಒಳಗೆ ಹೋಗಲು ಬಿಡುವ ಸಾಧನ), ಅದಕ್ಕೆ ಪ್ರತ್ಯೇಕ 4ಜಿ ಸಂಪರ್ಕ ಇರಲಿ. ಆದರೆ ಕನ್ಸೋಲ್‌ನಿಂದ ಎಲ್ಲವೂ ಆಗುತ್ತದೆಂದು ನಂಬಬೇಡಿ: ಕನ್ಸೋಲ್‌ನ ಸಾಮಾನ್ಯ ವೇಗವಾದ 9600 ಬಾಡ್‌ನಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರಗಳು ಮಾತ್ರ ಹೋಗುವುದರಿಂದ 40 ಎಂಬಿ ಸಾಫ್ಟ್‌ವೇರ್ ತುಂಬಿಸಲು ಹನ್ನೊಂದೂವರೆ ಗಂಟೆ ಹಿಡಿಯುತ್ತದೆ. ಒಮ್ಮೆ ರಾತ್ರಿಯೆಲ್ಲ, ಸಾಫ್ಟ್‌ವೇರ್ ತುಂಬಿದಂತೆ ತೆರೆಯ ಮೇಲೆ ಒಂದೊಂದೇ ಚುಕ್ಕಿ ಮೂಡುವುದನ್ನು ನೋಡುತ್ತ ಕುಳಿತಿದ್ದೆ. ಬೆಳಗಿನ ಜಾವ ನನ್ನ ಲ್ಯಾಪ್‌ಟಾಪ್ ನಿದ್ದೆಗೆ ಜಾರಿತು, ಮತ್ತೆ ಮೊದಲಿನಿಂದ ಶುರು.

ಜನಬಲವನ್ನೂ ಮರೆಯಬೇಡಿ. ಹಗಲಿರುಳು ಒಂದು ಕುರ್ಚಿ ತುಂಬಿರಬೇಕಾದರೆ ವಾರಕ್ಕೆ 168 ಗಂಟೆಗಳು. ಒಬ್ಬರು 48 ಗಂಟೆ ದುಡಿದರೂ ರಜೆ ಸೇರಿ ಐವರು ಬೇಕು. ಕೊಟೇಶನ್‌ನಲ್ಲಿ ಈ ಸಾಲು ಎಂದೂ ಇರುವುದಿಲ್ಲ.

ನಾಲ್ಕಾವರಣ

ಎಲ್ಲರಿಗೂ ವಂದನೆಗಳು. ಪೋರ್ಟ್161 ಅವರು ಹೇಳಿದಂತೆ ಟೈಮ್‌ಔಟ್ ಇಳಿಸಿ, ಪಿಂಗ್ ಪರೀಕ್ಷೆ ಸೇರಿಸಿ, ಭಾನುವಾರ ಒಂದು ಆವರಣದ ಅಪ್‌ಲಿಂಕನ್ನು ಬೇಕೆಂದೇ ಅರ್ಧ ಗಂಟೆ ತೆಗೆದಿಟ್ಟೆವು. ಉಳಿದ ಮೂರರ ಗ್ರಾಫ್‌ಗಳಲ್ಲಿ ಗೆರೆ ಎಲ್ಲೂ ತುಂಡಾಗಲಿಲ್ಲ. ಕನ್ಸೋಲ್ ಸರ್ವರ್‌ಗಳ ಬೆಲೆ ಕೇಳಿ ಪತ್ರ ಬರೆದಿದ್ದೇವೆ. ಐವರ ವಿಷಯವನ್ನು ಆಡಳಿತಾಧಿಕಾರಿಗಳ ಮುಂದಿಟ್ಟಾಗ ‘ಇಬ್ಬರು ಸಾಲುವುದಿಲ್ಲವೇ?’ ಎಂದು ಕೇಳಿದ್ದಾರೆ. 168ರ ಲೆಕ್ಕವನ್ನು ಕಡತದಲ್ಲೇ ಬರೆದು ಕಳುಹಿಸಿದ್ದೇನೆ.